ವಂಶವಾಹಿ ಕೆಡದಿದ್ದರೂ ಕ್ಯಾನ್ಸರ್: ಮೈಕ್ರೊ ಆರ್‌ಎನ್‌ಎ ಬಿಚ್ಚಿಟ್ಟ ಗುಟ್ಟು

ಬಾಳಗಡಿ (ಕೊಪ್ಪ): ಮಳೆಗಾಲ ಮುಗಿದು ಕೊನೆಗೌಡರು ಮರ ಹತ್ತುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಯಂಗಳಗಳಲ್ಲಿ ಅಡಿಕೆಯದೇ ಕೆಲಸ, ಅಡಿಕೆಯದೇ ಮಾತು. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಬೇಯುತ್ತದೆ, ಚೊಗರು ಹೀರಿ ಕೆಂಪಾಗುತ್ತದೆ, ಬಿಸಿಲಿನಲ್ಲಿ ಒಣಗಿ ರಾಶಿಯಾಗಿ, ಬೆಟ್ಟೆಯಾಗಿ ಮಂಡಿ ಸೇರುತ್ತದೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಈಗಾಗಲೇ ಸೊರಗಿರುವ ಈ ಸೀಮೆಯ ಬೆಳೆಗಾರರನ್ನು ಕಳೆದ ಎರಡು ದಶಕಗಳಿಂದ ಕಾಡುತ್ತಿರುವ ಇನ್ನೊಂದು ಚಿಂತೆಯಿದೆ. ಅದು ಅಡಿಕೆಗೂ ಬಾಯಿ ಕ್ಯಾನ್ಸರ್‌ಗೂ ಇರುವ ನಂಟಿನ ಪ್ರಶ್ನೆ.

ಈ ಪ್ರಶ್ನೆ ಸಾಮಾನ್ಯವಾಗಿ ಮಾರುಕಟ್ಟೆ, ನ್ಯಾಯಾಲಯ ಮತ್ತು ರಾಜಕೀಯ ವೇದಿಕೆಗಳಲ್ಲಿ ಚರ್ಚೆಯಾಗುತ್ತದೆ. ಆದರೆ ಅದರ ಮೂಲ ಇರುವುದು ಕೆನ್ನೆಯ ಒಳಪೊರೆಯ ಒಂದೊಂದು ಜೀವಕೋಶದಲ್ಲಿ. ಆ ಕೋಶ ಯಾಕೆ ಹದ ತಪ್ಪಿ ಬೆಳೆಯತೊಡಗುತ್ತದೆ ಎಂಬುದಕ್ಕೆ ಬಹುಕಾಲ ವಿಜ್ಞಾನಿಗಳು ಕೊಡುತ್ತಿದ್ದ ಮುಖ್ಯ ಉತ್ತರ, ‘ವಂಶವಾಹಿ ಕೆಟ್ಟಿದೆ’ ಎಂಬುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಬಾಯಿ ಕ್ಯಾನ್ಸರ್ ಕುರಿತು ನಡೆದ ಸಂಶೋಧನೆಗಳು ಇದಕ್ಕಿಂತ ಭಿನ್ನವಾದ ಇನ್ನೊಂದು ದಾರಿಯನ್ನೂ ತೋರಿಸಿವೆ. ಕೆಲವು ರೋಗಿಗಳಲ್ಲಿ ವಂಶವಾಹಿ ಎಳ್ಳಷ್ಟೂ ಕೆಟ್ಟಿರುವುದಿಲ್ಲ. ಅದರ ಬಾಯಿ ಮುಚ್ಚಿಸಲಾಗಿರುತ್ತದೆ. ಮುಚ್ಚಿಸುವುದು ಮೈಕ್ರೊ ಆರ್‌ಎನ್‌ಎ ಎಂಬ ಅತಿ ಪುಟ್ಟ ಅಣು.

ಮೂಲ ಕಡತ, ಹರಿದ ನಕಲು

ಜೀವಕೋಶದ ವ್ಯವಹಾರವನ್ನು ತಾಲ್ಲೂಕು ಕಚೇರಿಗೆ ಹೋಲಿಸಬಹುದು. ಕೋಶಕೇಂದ್ರದಲ್ಲಿರುವ ಡಿಎನ್‌ಎ ದಾಖಲೆ ಕೊಠಡಿಯ ಮೂಲ ಕಡತವಿದ್ದಂತೆ. ಅದು ಹೊರಗೆ ಬರುವುದಿಲ್ಲ. ಬೇಕಾದಾಗ ಒಂದೊಂದು ವಂಶವಾಹಿಯ ನಕಲು ಮಾತ್ರ ತಯಾರಾಗಿ ಹೊರಬರುತ್ತದೆ. ಈ ನಕಲಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಅದನ್ನು ಓದಿ ಕೋಶವು ಪ್ರೋಟೀನ್ ತಯಾರಿಸುತ್ತದೆ. ದೇಹದ ಕೆಲಸವೆಲ್ಲ ಬಹುಮಟ್ಟಿಗೆ ನಡೆಯುವುದು ಈ ಪ್ರೋಟೀನ್‌ಗಳಿಂದ.

ಮೈಕ್ರೊ ಆರ್‌ಎನ್‌ಎ ಈ ಹೊರಬಂದ ನಕಲಿನ ಮೇಲೆ ಕೈಯಾಡಿಸುವ ಗುಮಾಸ್ತ. ಅದರ ಉದ್ದ ಸುಮಾರು 22 ಅಕ್ಷರಗಳು ಮಾತ್ರ. ಆರಂಭದಲ್ಲಿ ಅದು ಉದ್ದವಾದ, ಕೂದಲಿನ ಪಿನ್ನಿನಂತೆ ಮಡಚಿಕೊಂಡ ಎಳೆಯಾಗಿರುತ್ತದೆ. ಡ್ರೋಶಾ ಮತ್ತು ಡೈಸರ್ ಎಂಬ ಎರಡು ಕಿಣ್ವಗಳು ಅದನ್ನು ಹಂತ ಹಂತವಾಗಿ ಕತ್ತರಿಸಿ ಗಾತ್ರಕ್ಕೆ ತರುತ್ತವೆ. ಬಳಿಕ ಆರ್ಗೊನಾಟ್ ಎಂಬ ಪ್ರೋಟೀನ್ ಅದನ್ನು ಹೊತ್ತು ತಿರುಗುತ್ತದೆ. ಯಾವ ಸಂದೇಶದ ಬಾಲದ ಭಾಗದಲ್ಲಿ ತನಗೆ ಹೊಂದುವ ಏಳೆಂಟು ಅಕ್ಷರಗಳು ಸಿಗುತ್ತವೆಯೋ ಅಲ್ಲಿ ಈ ಜೋಡಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಆ ಸಂದೇಶ ಒಂದೋ ಬೇಗ ನಾಶವಾಗುತ್ತದೆ, ಇಲ್ಲವೇ ಓದಲಾಗದೆ ಉಳಿಯುತ್ತದೆ. ಮೂಲ ಕಡತ ಭದ್ರವಾಗಿದೆ, ನಕಲು ಹರಿದುಹೋಗಿದೆ. ಅರ್ಜಿದಾರನ ಪಾಲಿಗೆ ಎರಡೂ ಒಂದೇ.

ಹೊಂದಾಣಿಕೆಗೆ ಏಳೆಂಟು ಅಕ್ಷರ ಸಾಕು ಎಂಬುದೇ ಈ ಅಣುವಿನ ಬಲ, ಅದೇ ತೊಡಕು ಕೂಡ. ಅಷ್ಟು ಚಿಕ್ಕ ಗುರುತು ನೂರಾರು ಸಂದೇಶಗಳಲ್ಲಿ ಇರಬಹುದು. ಹೀಗಾಗಿ ಒಂದು ಮೈಕ್ರೊ ಆರ್‌ಎನ್‌ಎ ಹಲವಾರು ವಂಶವಾಹಿಗಳನ್ನು ಹತೋಟಿಯಲ್ಲಿಡುತ್ತದೆ. ಒಂದೇ ವಂಶವಾಹಿಯ ಮೇಲೆ ಹಲವು ಮೈಕ್ರೊ ಆರ್‌ಎನ್‌ಎಗಳು ಕಣ್ಣಿಟ್ಟಿರುತ್ತವೆ. ಮನುಷ್ಯನ ಸುಮಾರು 20 ಸಾವಿರ ಪ್ರೋಟೀನ್ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇವುಗಳ ನಿಯಂತ್ರಣಕ್ಕೆ ಒಳಪಟ್ಟಿವೆ ಎಂಬುದು ಅಂದಾಜು.

ಹುಳುವಿನಿಂದ ಮನುಷ್ಯನವರೆಗೆ

ಈ ಅಣುಗಳ ಪತ್ತೆಯಾದದ್ದು ಕ್ಯಾನ್ಸರ್ ಆಸ್ಪತ್ರೆಯಲ್ಲಲ್ಲ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಎಂಬ ವಿಜ್ಞಾನಿಗಳು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಬೆಳವಣಿಗೆಯನ್ನು ಅಧ್ಯಯನ ಮಾಡುತ್ತಿದ್ದಾಗ, 1993ರಲ್ಲಿ ‘ಲಿನ್-4’ ಎಂಬ ಮೊದಲ ಮೈಕ್ರೊ ಆರ್‌ಎನ್‌ಎ ಬೆಳಕಿಗೆ ಬಂತು. ಅದು ಹುಳುವಿಗೆ ಮಾತ್ರ ಸೀಮಿತವಾದ ವಿಚಿತ್ರ ಎಂದೇ ಏಳು ವರ್ಷ ಭಾವಿಸಲಾಗಿತ್ತು. 2000ದಲ್ಲಿ ರುವ್ಕುನ್ ತಂಡ ಪತ್ತೆ ಮಾಡಿದ ‘ಲೆಟ್-7’ ಮನುಷ್ಯನಲ್ಲಿಯೂ ಇದೆ ಎಂದು ಗೊತ್ತಾದ ಮೇಲೆ ಚಿತ್ರ ಬದಲಾಯಿತು. ಇಬ್ಬರಿಗೂ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ.

ಕ್ಯಾನ್ಸರ್‌ನ ನಂಟು ಬಯಲಾದದ್ದು 2002ರಲ್ಲಿ. ವಯಸ್ಸಾದವರಲ್ಲಿ ಕಾಣುವ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ 13ನೇ ವರ್ಣತಂತುವಿನ ಒಂದು ತುಣುಕು ಪದೇ ಪದೇ ಕಾಣೆಯಾಗುತ್ತಿತ್ತು. ಅಲ್ಲಿ ಗೆಡ್ಡೆಯನ್ನು ತಡೆಯುವ ವಂಶವಾಹಿ ಇರಲೇಬೇಕೆಂದು ವರ್ಷಗಟ್ಟಲೆ ಹುಡುಕಿದರೂ ಪ್ರೋಟೀನ್ ತಯಾರಿಸುವ ಯಾವ ವಂಶವಾಹಿಯೂ ಕೈಗೆ ಸಿಕ್ಕಿರಲಿಲ್ಲ. ಜಾರ್ಜ್ ಕ್ಯಾಲಿನ್ ಮತ್ತು ಕಾರ್ಲೊ ಕ್ರೋಚೆ ಅವರ ತಂಡ ಅಲ್ಲಿ ಕಂಡದ್ದು ಎರಡು ಮೈಕ್ರೊ ಆರ್‌ಎನ್‌ಎಗಳನ್ನು: ಮಿರ್-15 ಮತ್ತು ಮಿರ್-16. ಇವು ‘ಬಿಸಿಎಲ್2’ ಎಂಬ ವಂಶವಾಹಿಯನ್ನು ಅಂಕೆಯಲ್ಲಿಡುತ್ತವೆ ಎಂಬುದು 2005ರಲ್ಲಿ ಖಚಿತವಾಯಿತು. ಬಿಸಿಎಲ್2 ಎಂದರೆ ಕೋಶ ಸಾಯದಂತೆ ಕಾಯುವ ಪ್ರೋಟೀನ್. ಕಾವಲುಗಾರನನ್ನು ಹದ್ದುಬಸ್ತಿನಲ್ಲಿಡುವವರೇ ಇಲ್ಲವಾದಾಗ ಸಾಯಬೇಕಾದ ಕೋಶ ಸಾಯದೆ ಗುಂಪುಗಟ್ಟುತ್ತದೆ.

ಅಲ್ಲಿಂದೀಚೆಗೆ ಎರಡು ಬಗೆಯ ಮೈಕ್ರೊ ಆರ್‌ಎನ್‌ಎಗಳನ್ನು ಗುರುತಿಸಲಾಗಿದೆ. ಮಿರ್-15, ಮಿರ್-16, ಲೆಟ್-7, ಮಿರ್-34 ಮೊದಲಾದವು ಗೆಡ್ಡೆಯನ್ನು ತಡೆಯುವ ಪಕ್ಷದವು. ಕ್ಯಾನ್ಸರ್‌ನಲ್ಲಿ ಇವು ಕಡಿಮೆಯಾಗುತ್ತವೆ. ಮಿರ್-21, ಮಿರ್-155 ಮೊದಲಾದವು ಗೆಡ್ಡೆಗೆ ಇಂಬು ಕೊಡುವಂಥವು. ಕ್ಯಾನ್ಸರ್‌ನಲ್ಲಿ ಇವು ಏರುತ್ತವೆ. ಆದರೆ ಈ ವಿಂಗಡಣೆಯನ್ನು ಗೆರೆ ಕೊರೆದಂತೆ ತಿಳಿಯಬಾರದು. ಒಂದು ಅಂಗದಲ್ಲಿ ಕೇಡು ಮಾಡುವ ಅಣು ಇನ್ನೊಂದು ಅಂಗದಲ್ಲಿ ಉಪಕಾರಿಯಾಗಿರುವುದುಂಟು. ಮಿರ್-155 ಇಲ್ಲದಿದ್ದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸರಿಯಾಗಿ ನಡೆಯದು.

ಬೆಂಗಳೂರಿನಲ್ಲಿ ಕಂಡದ್ದು

ಐಐಎಸ್‌ಸಿಯ ತಳಿವಿಜ್ಞಾನಿ ಅರುಣ್ ಕುಮಾರ್ ಅವರ ಪ್ರಯೋಗಾಲಯ ಬಾಯಿ ಕ್ಯಾನ್ಸರ್‌ನಲ್ಲಿ ಮೈಕ್ರೊ ಆರ್‌ಎನ್‌ಎಗಳ ಪಾತ್ರವನ್ನು ಶೋಧಿಸಿದ ರಾಜ್ಯದ ಪ್ರಮುಖ ಕೇಂದ್ರಗಳಲ್ಲೊಂದು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಾ ತಜ್ಞ ಡಾ. ಕೆ.ಎಸ್. ಗೋಪಿನಾಥ್ ಈ ಸಂಶೋಧನೆಗಳ ಸಹಲೇಖಕರು.

2013ರಲ್ಲಿ ‘ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಪ್ರಕಟವಾದ ಲೇಖನದಲ್ಲಿ ಈ ತಂಡ ಸಿಡಿಸಿ73 ಎಂಬ ವಂಶವಾಹಿಯನ್ನು ಹಿಂಬಾಲಿಸಿತು. ಕೋಶವು ಮಿತಿ ಮೀರಿ ವಿಭಜನೆಯಾಗದಂತೆ ತಡೆಯುವುದು ಈ ವಂಶವಾಹಿಯ ಕೆಲಸ. ಕುತ್ತಿಗೆಯ ಉಪಥೈರಾಯ್ಡ್ ಗ್ರಂಥಿಯ ಗೆಡ್ಡೆಗಳಲ್ಲಿ ಅದು ಊನಗೊಂಡು ನಿಷ್ಕ್ರಿಯವಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಬಾಯಿ ಕ್ಯಾನ್ಸರ್ ರೋಗಿಗಳ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿಯೂ ಸಿಡಿಸಿ73 ಕುಸಿದಿರುವುದನ್ನು ತಂಡ ಕಂಡುಕೊಂಡಿತು. ಹಾಗಾದರೆ ಇಲ್ಲಿಯೂ ವಂಶವಾಹಿ ಊನಗೊಂಡಿರಬೇಕಲ್ಲವೇ? ವಂಶವಾಹಿ ಕೈಬಿಟ್ಟುಹೋಗಿದೆಯೇ, ಅದರಲ್ಲಿ ಅಕ್ಷರದೋಷವಾಗಿದೆಯೇ, ರಾಸಾಯನಿಕ ಮುದ್ರೆ ಬಿದ್ದು ಮುಚ್ಚಿಕೊಂಡಿದೆಯೇ ಎಂದು ಒಂದೊಂದನ್ನೇ ಪರೀಕ್ಷಿಸಲಾಯಿತು. ಕೆಲವು ರೋಗಿಗಳಲ್ಲಿ ಈ ಮೂರೂ ಇರಲಿಲ್ಲ. ಮೂಲ ಕಡತ ಸುಸ್ಥಿತಿಯಲ್ಲಿತ್ತು. ಏರಿದ್ದು ಮಿರ್-155. ಅದು ಸಿಡಿಸಿ73ರ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ಆಗದಂತೆ ತಡೆಯುತ್ತಿತ್ತು.

ಮಿರ್-155ಕ್ಕೆ ವಿರುದ್ಧವಾದ ಅಕ್ಷರಗಳುಳ್ಳ ಕೃತಕ ಎಳೆಯೊಂದನ್ನು ಕೋಶಗಳಿಗೆ ಸೇರಿಸಿದಾಗ ಸಿಡಿಸಿ73 ಮರಳಿ ಏರಿತು, ಕೋಶಗಳು ಸಾಯತೊಡಗಿದವು. ರೋಗನಿರೋಧಕ ಶಕ್ತಿಯಿಲ್ಲದ ರೋಮರಹಿತ ಇಲಿಗಳಲ್ಲಿ ಬೆಳೆಸಿದ ಗೆಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಇಲಿಗಳ ಪ್ರಯೋಗಕ್ಕೆ ಬಳಸಿದ್ದು ‘ಕೆಬಿ’ ಎಂಬ ಕೋಶಸಾಲು. ಬಾಯಿ ಕ್ಯಾನ್ಸರ್‌ನ ಕೋಶವೆಂದು ಜಗತ್ತಿನ ಅನೇಕ ಪ್ರಯೋಗಾಲಯಗಳು ದಶಕಗಳ ಕಾಲ ಇದನ್ನು ಬಳಸಿವೆ. ವಾಸ್ತವವಾಗಿ ಅದು 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕೊರಳಿನ ಗೆಡ್ಡೆಯಿಂದ ತೆಗೆದ ‘ಹೀಲಾ’ ಕೋಶಗಳು ಬೆರೆತು ಆದ ಸಾಲು ಎಂದು ಸಾಬೀತಾಗಿದೆ. ಮಿರ್-155 ಮತ್ತು ಸಿಡಿಸಿ73ರ ಸಂಬಂಧ ರೋಗಿಗಳ ಮಾದರಿಗಳಲ್ಲಿ ಮತ್ತು ಇತರ ಕೋಶಗಳಲ್ಲಿಯೂ ಕಂಡದ್ದರಿಂದ ಆ ಮಾತು ಬೀಳುವುದಿಲ್ಲ. ಇಲಿಯಲ್ಲಿ ಕುಗ್ಗಿದ ಗೆಡ್ಡೆಯನ್ನು ಬಾಯಿ ಕ್ಯಾನ್ಸರ್‌ನದೇ ಗೆಡ್ಡೆ ಎಂದು ನೇರವಾಗಿ ಓದಿಕೊಳ್ಳುವುದು ಮಾತ್ರ ಆಗದು.

ಮರುವರ್ಷ, ಅಂದರೆ 2014ರಲ್ಲಿ, ಅದೇ ಪತ್ರಿಕೆಯಲ್ಲಿ ಇದೇ ಪ್ರಯೋಗಾಲಯದ ಇನ್ನೊಂದು ಲೇಖನ ಬಂತು. ಅದು ತಿರುವುಮುರುವಾದ ಕಥೆ. ಮಿರ್-125ಎ ಎಂಬ ಅಣು ಸಾಮಾನ್ಯ ಸ್ಥಿತಿಯಲ್ಲಿ ‘ಇಎಸ್‌ಆರ್‌ಆರ್‌ಎ’ ಎಂಬ ವಂಶವಾಹಿಯನ್ನು ಅಂಕೆಯಲ್ಲಿಡುತ್ತದೆ. ಇದು ಇತರ ವಂಶವಾಹಿಗಳನ್ನು ಎಬ್ಬಿಸುವ ವಂಶವಾಹಿ. ಬಾಯಿ ಕ್ಯಾನ್ಸರ್ ಮಾದರಿಗಳಲ್ಲಿ ಮಿರ್-125ಎ ಇಳಿದಷ್ಟೂ ಇಎಸ್‌ಆರ್‌ಆರ್‌ಎ ಏರಿತ್ತು. ಕೃತಕವಾಗಿ ತಯಾರಿಸಿದ ಮಿರ್-125ಎ ಸೇರಿಸಿದಾಗ ಕ್ಯಾನ್ಸರ್ ಕೋಶಗಳ ವೃದ್ಧಿಯೂ ಪಕ್ಕದ ಪದರಕ್ಕೆ ನುಗ್ಗುವ ಗುಣವೂ ತಗ್ಗಿದವು. ಇಲಿಗಳಲ್ಲಿ ಗೆಡ್ಡೆ ಕುಗ್ಗಿತು.

ಬೆಂಗಳೂರಿನ ಇಂಥ ಸಂಶೋಧನೆ ಬಾಯಿಗಷ್ಟೇ ಸೀಮಿತವಲ್ಲ. ನಿಮ್ಹಾನ್ಸ್ ಮತ್ತು ಐಐಎಸ್‌ಸಿ ವಿಜ್ಞಾನಿಗಳು ಜೊತೆಗೂಡಿ ಮಿದುಳಿನ ಮಾರಕ ಗೆಡ್ಡೆಯಲ್ಲಿ ಮಿರ್-219 ಕುಸಿದು ‘ಇಜಿಎಫ್‌ಆರ್’ ಎಂಬ ಬೆಳವಣಿಗೆಯ ವಂಶವಾಹಿ ಕಟ್ಟಳೆ ಮೀರುವುದನ್ನು 2013ರಲ್ಲಿಯೇ ತೋರಿಸಿದ್ದಾರೆ.

ಅಡಿಕೆಯ ಪಾತ್ರ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2003ರಲ್ಲಿ ನಡೆದ ಪರಿಶೀಲನೆಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿಸಿತು. ತಂಬಾಕಿಲ್ಲದ ಎಲೆ ಅಡಿಕೆಯೂ ಅದೇ ಗುಂಪಿನಲ್ಲಿದೆ. ಹೊಗೆಸೊಪ್ಪಿನ ಪಾಪವನ್ನು ಅಡಿಕೆಯ ತಲೆಗೆ ಕಟ್ಟಲಾಗಿದೆ ಎಂಬುದು ಮಲೆನಾಡಿನ ಬೆಳೆಗಾರರ ಹಳೆಯ ಆಕ್ಷೇಪ. ಊಟದ ಮೇಲೆ ಒಂದು ಕವಳ ಹಾಕುವುದಕ್ಕೂ ದಿನವಿಡೀ ಗುಟ್ಕಾ ಪೊಟ್ಟಣ ಹರಿಯುವುದಕ್ಕೂ ವ್ಯತ್ಯಾಸವಿದೆ ಎಂಬ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪ್ರಮಾಣ ಮತ್ತು ಅವಧಿ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಆದರೆ ತಂಬಾಕು ಬೆರೆಸದೆ ಅಡಿಕೆ ಜಗಿಯುವ ರೂಢಿಯಿರುವ ತೈವಾನ್‌ನಂಥ ಕಡೆಯಲ್ಲಿಯೂ ಬಾಯಿ ಕ್ಯಾನ್ಸರ್ ವ್ಯಾಪಕವಾಗಿದೆ. ಆದ್ದರಿಂದ ತಪ್ಪನ್ನು ಪೂರ್ತಿಯಾಗಿ ತಂಬಾಕಿನ ಮೇಲೆ ಹೊರಿಸುವುದು ಸಾಧ್ಯವಾಗುತ್ತಿಲ್ಲ. ಅಡಿಕೆಯ ಮುಖ್ಯ ಕ್ಷಾರವಾದ ಅರಿಕೋಲಿನ್ ಅನ್ನು ಪ್ರತ್ಯೇಕವಾಗಿ ಪರಿಶೀಲಿಸಿದ ಐಎಆರ್‌ಸಿ, 2020ರ ಸಭೆಯಲ್ಲಿ ಅದನ್ನು ‘ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿನಲ್ಲಷ್ಟೇ ಇರಿಸಿದೆ. ಇಡೀ ಅಡಿಕೆಯ ವಿರುದ್ಧ ಇರುವಷ್ಟು ಬಲವಾದ ಸಾಕ್ಷ್ಯ ಆ ಒಂದು ಅಂಶದ ವಿರುದ್ಧ ಇನ್ನೂ ಇಲ್ಲವೆಂದು ಇದರರ್ಥ.

ಅಡಿಕೆ ಮತ್ತು ಮೈಕ್ರೊ ಆರ್‌ಎನ್‌ಎ ನಡುವಿನ ಕೊಂಡಿಯನ್ನು ತೋರಿಸಿದ್ದು ತೈವಾನ್‌ನ ಸಂಶೋಧಕರು. ಅಡಿಕೆಯ ಸಾರಕ್ಕೆ ಒಡ್ಡಿದ ಕೋಶಗಳಲ್ಲಿ ಮಿರ್-23ಎ ಏರುತ್ತದೆ. ಅದು ‘ಎಫ್‌ಎಎನ್‌ಸಿಜಿ’ ಎಂಬ ದುರಸ್ತಿ ವಂಶವಾಹಿಯನ್ನು ಅದುಮುತ್ತದೆ. ಪರಿಣಾಮವಾಗಿ ತುಂಡಾದ ಡಿಎನ್‌ಎ ಸರಿಯಾಗಿ ಬೆಸೆದುಕೊಳ್ಳುವುದಿಲ್ಲ ಎಂದು 2011ರಲ್ಲಿ ಅವರು ವರದಿ ಮಾಡಿದರು. ಅಂದರೆ ಮನೆ ಬಿರುಕು ಬಿಡುತ್ತಿರುವಾಗಲೇ ಗಾರೆ ಕೆಲಸದವನನ್ನು ವಾಪಸು ಕಳುಹಿಸಿದಂತೆ.

ಇದು ಸಣ್ಣ ಸಂಗತಿಯಲ್ಲ. ಐಎಆರ್‌ಸಿ ವಿಜ್ಞಾನಿಗಳು 2024ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ ಭಾರತದ ಪಾಲು 83,400. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಆ ಬಳಿಕ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬರತೊಡಗಿದ್ದನ್ನು ಅಂಗಡಿ ಮುಂಗಟ್ಟಿನಲ್ಲಿ ತೂಗುವ ಮಾಲೆಗಳೇ ಹೇಳುತ್ತವೆ.

ಔಷಧ ಎಲ್ಲಿದೆ?

ಕೆಟ್ಟ ವಂಶವಾಹಿಯನ್ನು ಸರಿಪಡಿಸುವುದಕ್ಕಿಂತ ಮುಚ್ಚಿದ ಬಾಯಿಯನ್ನು ತೆರೆಸುವುದು ಸುಲಭ ಎನಿಸುವುದು ಸಹಜ. ಸಂಶೋಧಕರ ಆಸೆಯೂ ಇದೇ ಆಗಿತ್ತು. ಪುಟ್ಟ ಆರ್‌ಎನ್‌ಎ ಎಳೆಗಳನ್ನು ಔಷಧವಾಗಿ ಕೊಡಬಹುದು ಎಂಬುದೂ ಸುಳ್ಳಲ್ಲ. ಸಂದೇಶವನ್ನು ಹರಿಯುವ ಇಂಥದ್ದೇ ತತ್ವದ ‘ಪ್ಯಾಟಿಸಿರಾನ್’ ಎಂಬ ಮದ್ದಿಗೆ ನರಗಳ ವಂಶಪಾರಂಪರ್ಯ ಕಾಯಿಲೆಯೊಂದಕ್ಕಾಗಿ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ಕ್ಯಾನ್ಸರ್‌ನಲ್ಲಿ ಮಾತ್ರ ಅನುಭವ ಕಹಿಯಾಗಿದೆ. ಮಿರ್-34ರ ಕೃತಕ ರೂಪವನ್ನು ಕೊಬ್ಬಿನ ಗುಳಿಗೆಯಲ್ಲಿ ತುಂಬಿ ತಯಾರಿಸಿದ ‘ಎಂಆರ್‌ಎಕ್ಸ್34’ ಎಂಬ ಔಷಧವನ್ನು 2013ರಿಂದ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಮೈಕ್ರೊ ಆರ್‌ಎನ್‌ಎಯನ್ನು ಕ್ಯಾನ್ಸರ್ ಔಷಧವಾಗಿ ಮನುಷ್ಯರಿಗೆ ಕೊಟ್ಟದ್ದು ಅದೇ ಮೊದಲು. ಕೆಲವರ ಗೆಡ್ಡೆ ಕುಗ್ಗಿತಾದರೂ ರೋಗನಿರೋಧಕ ವ್ಯವಸ್ಥೆ ಕೆರಳಿ ನಾಲ್ವರು ರೋಗಿಗಳು ಮೃತಪಟ್ಟರು. 2016ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು. ಮಿರ್-155ನ್ನು ತಡೆಯುವ ‘ಕೊಬೊಮಾರ್ಸೆನ್’ ಎಂಬ ಮದ್ದು ಚರ್ಮದ ಒಂದು ಬಗೆಯ ಲಿಂಫೋಮಾದಲ್ಲಿ ಎರಡನೇ ಹಂತದವರೆಗೆ ಹೋಗಿ, ಕಂಪನಿಯ ವ್ಯಾವಹಾರಿಕ ಕಾರಣಗಳಿಂದ ಅರ್ಧಕ್ಕೆ ನಿಂತಿತು. ಒಂದು ಅಣು ನೂರು ಸಂದೇಶಗಳನ್ನು ಮುಟ್ಟುವಾಗ ಬೇಕಾದ ಒಂದನ್ನು ಮಾತ್ರ ಮುಟ್ಟಿಸುವುದು ಹೇಗೆ, ಗೆಡ್ಡೆಗೆ ಮಾತ್ರ ತಲುಪಿಸುವುದು ಹೇಗೆ ಎಂಬ ಪ್ರಶ್ನೆಗಳು ಬಗೆಹರಿದಿಲ್ಲ. ಹೀಗಾಗಿ ಬಾಯಿ ಕ್ಯಾನ್ಸರ್‌ಗೆ ಮೈಕ್ರೊ ಆರ್‌ಎನ್‌ಎ ಆಧಾರಿತ ಅನುಮೋದಿತ ಚಿಕಿತ್ಸೆ ಯಾವುದೂ ಇಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ನಂಬುವಂತಿಲ್ಲ.

ಔಷಧಕ್ಕಿಂತ ಹತ್ತಿರದ ಭರವಸೆ ಇರುವುದು ಪತ್ತೆಯಲ್ಲಿ. ಈ ಅಣುಗಳು ರಕ್ತದಲ್ಲಿಯೂ ಎಂಜಲಿನಲ್ಲಿಯೂ ಬೇಗ ಹಾಳಾಗದೆ ಉಳಿಯುತ್ತವೆ. ಬಾಯಿ ಕ್ಯಾನ್ಸರ್ ಇರುವವರ ಎಂಜಲಿನಲ್ಲಿ ಮಿರ್-125ಎ ಮತ್ತು ಮಿರ್-200ಎ ಕಡಿಮೆಯಿರುತ್ತವೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದರು. ಐದು ವರ್ಷಗಳ ನಂತರ ಬೆಂಗಳೂರಿನ ತಂಡ ಗೆಡ್ಡೆಯೊಳಗೇ ಕುಸಿದದ್ದನ್ನು ಕಂಡದ್ದೂ ಅದೇ ಮಿರ್-125ಎಯನ್ನು. ಕಫ ಪರೀಕ್ಷೆಯಂತೆ ಎಂಜಲು ಪರೀಕ್ಷೆಯೂ ಮುಂದೊಂದು ದಿನ ಬರಬಹುದೆಂಬ ನಿರೀಕ್ಷೆ ಇಂಥ ಹೊಂದಾಣಿಕೆಗಳಿಂದ ಹುಟ್ಟಿದೆ. ಆದರೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಫಲಿತಾಂಶ ಬದಲಾಗುವುದರಿಂದ ಸದ್ಯಕ್ಕೆ ಬಯಾಪ್ಸಿಯೇ ಅಂತಿಮ.

ಟಾರ್ಚ್ ಬೆಳಕಿನ ತಪಾಸಣೆ

ಬಯಾಪ್ಸಿಯವರೆಗೆ ಬರುವುದೇ ಮಲೆನಾಡಿನಲ್ಲಿ ತಡವಾಗುತ್ತದೆ. ಕೊಪ್ಪ, ಶೃಂಗೇರಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಅಥವಾ ಶಿವಮೊಗ್ಗಕ್ಕೆ, ಇಲ್ಲವೇ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕು. ಬಾಯೊಳಗಿನ ಆರಂಭದ ಮಚ್ಚೆ ನೋಯುವುದಿಲ್ಲ. ನೋಯದ್ದಕ್ಕಾಗಿ ಕೊಯ್ಲಿನ ಹೊತ್ತಿನಲ್ಲಿ ಒಂದು ದಿನದ ಕೆಲಸ ಬಿಡುವವರು ಕಡಿಮೆ.

ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯದಿರುವುದು ಇವು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಕೊನೆಯದು ಅಡಿಕೆ ಜಗಿಯುವವರಲ್ಲಿ ವಿಶೇಷವಾಗಿ ಕಾಣುತ್ತದೆ. ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುವ ಈ ಸ್ಥಿತಿಯಲ್ಲಿ ಮೂರು ಬೆರಳು ನೆಟ್ಟಗೆ ಬಾಯೊಳಗೆ ಹಿಡಿಸುವುದಿಲ್ಲ. ಇದು ಕ್ಯಾನ್ಸರ್ ಅಲ್ಲವಾದರೂ ಅದರ ಹಾದಿಯಲ್ಲಿರುವ ನಿಲ್ದಾಣ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಸುಮಾರು 1.9 ಲಕ್ಷ ಜನರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯೊಳಗೆ ನೋಡಿದರು, ಅಷ್ಟೆ. 2005ರಲ್ಲಿ ಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತ್ತು. ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿಯ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಈಗ ಉಚಿತವಾಗಿ ಲಭ್ಯ.